ಮಂಡಿ ಮನೆಯ ಕ್ರಾಂತಿಕಾರಿ

ಕಳೆದ ಮಾಘಮಾಸದಲ್ಲಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಪತ್ರಿಕೆಯನ್ನು ಬಿಡಿಸಿದಾಗ ಒಳಪುಟದಲ್ಲಿ ಅವನ ಚಿತ್ರ ಕಂಡಿತು. ಹೆಗಲ ಮೇಲೆ ಇಳಿಬಿದ್ದ ನರೆಗೂದಲು, ಒಂದು ಕಿವಿಯಲ್ಲಿ ಮಾತ್ರ ಓಲೆ, ಎದೆಗೆ ಅವುಚಿಕೊಂಡ ಗಿಟಾರು. ಮುಂಬಯಿಯಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡನೆಂದು ಬರೆದಿದ್ದರು. ಹಿರಿಯ ರಾಕ್ ಸಂಗೀತಗಾರ, ಎಡಪಂಥೀಯ ಹೋರಾಟಗಾರ, ಶ್ರಮಿಕರ ಗೆಳೆಯ ಎಂದು ಬಿರುದುಗಳನ್ನು ಕೊಟ್ಟಿದ್ದರು. ಚನ್ನಗಿರಿಯ ಹೆಸರು ಕೊನೆಯ ವಾಕ್ಯದಲ್ಲಿ, ಹುಟ್ಟೂರು ಎನ್ನುವಷ್ಟಕ್ಕೆ ಬಂದಿತ್ತು. ನಾನು ಮತ್ತೆ ದೇವರ ಮನೆಗೆ ಹೋಗಿ ಇನ್ನೊಂದು ದೀಪ ಹಚ್ಚಿದೆ. ದೇವರಿಲ್ಲವೆಂದು ಊರೂರು ಹಾಡಿಕೊಂಡು ತಿರುಗಿದವನಿಗಾಗಿ ದೀಪ ಹಚ್ಚುವುದು ಸರಿಯೇ ಎಂಬ ಸಂದೇಹ ಕ್ಷಣಕಾಲ ಬಾಧಿಸಿತು. ಶಿವನಿಗೆ ಅಂಥ ಭೇದವಿರುವಂತೆ ನನಗೆ ಎಲ್ಲಿಯೂ ಕಾಣದಿದ್ದುದರಿಂದ ಬತ್ತಿಯನ್ನು ತುಸು ಮುಂದಕ್ಕೆ ಎಳೆದೆ.

ಅವನ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಅವನ ಅಣ್ಣ ಇಂದಿಗೂ ಅಡಿಕೆ ಮಂಡಿಯ ಗಾದಿಯ ಮೇಲೆ ಕೂರುತ್ತಾರೆ. "ನಮ್ಮ ಹುಡುಗನ ಬಗ್ಗೆ ಬರೀರಿ ಶಾಸ್ತ್ರಿಗಳೇ, ಹೆಸರು ಮಾತ್ರ ಬ್ಯಾಡ್ರಿ, ಗಿರಾಕಿಗಳು ಓದ್ತಾರೆ" ಎಂದು ಕೇಳಿಕೊಂಡಿದ್ದಾರೆ. ಊರು ಅಣ್ಣನನ್ನು ದೊಡ್ಡ ಸಾವ್ಕಾರ್ರು ಎಂದೂ ತಮ್ಮನನ್ನು ಸಣ್ಣ ಸಾವ್ಕಾರ್ರು ಎಂದೂ ಕರೆಯುತ್ತಿತ್ತು. ನಮಗೂ ಅಷ್ಟು ಸಾಕು.

ಬಾಲ್ಯದಲ್ಲಿ ಅವನು ನನ್ನ ಶಿಷ್ಯ. ಮಠದ ಪಾಠಶಾಲೆಗೆ ಬೇಸಿಗೆಯ ರಜೆಯಲ್ಲಿ ಶ್ಲೋಕ ಕಲಿಯಲೆಂದು ಅವನ ತಂದೆ ಕಳುಹಿಸುತ್ತಿದ್ದರು. ಅವನು ಒಂದು ಶ್ಲೋಕವನ್ನೂ ಪೂರ್ಣ ಕಲಿಯಲಿಲ್ಲ. ಆದರೆ ಯಾವ ಶ್ಲೋಕ ಹೇಳಿದರೂ ಅದರ ನಡೆಯನ್ನು ಮುಂದಿದ್ದ ಹಲಗೆಯ ಮೇಲೆ ಬೆರಳಿನಿಂದ ಬಾರಿಸಿ ತೋರಿಸುತ್ತಿದ್ದ. ಅರ್ಥ ಬಿಟ್ಟು ಸದ್ದು ಹಿಡಿಯುವ ಆ ಗುಣ ಮುಂದೆ ಅವನಿಗೆ ದೊಡ್ಡ ಐಶ್ವರ್ಯವನ್ನು ತಂದುಕೊಟ್ಟಿತು. ಬೆಟ್ಟದ ಮೇಲಿನ ವಸತಿಶಾಲೆ, ಆಮೇಲೆ ಮುಂಬಯಿ, ಅಲ್ಲೊಂದು ತಂಡ, ದೇಶವಿದೇಶಗಳ ವೇದಿಕೆಗಳು. ತಂಪು ಪಾನೀಯವೊಂದರ ಜಾಹೀರಾತಿಗೆ ಅವನು ಕಟ್ಟಿದ ಪುಟ್ಟ ರಾಗವನ್ನು ನಮ್ಮ ಓಣಿಯ ಮಕ್ಕಳೂ ಗುನುಗುತ್ತಿದ್ದವು. ಕಡಲು ಕಾಣುವ ಮನೆ ಕೊಂಡ. ಆ ಮನೆಯ ಮೇಲಂತಸ್ತಿನಲ್ಲಿ ಕುಳಿತಿದ್ದಾಗಲೇ ಜಗತ್ತಿನ ಬಡತನ ತನಗೆ ಸ್ಪಷ್ಟವಾಗಿ ಕಾಣಿಸಿತೆಂದು ಅವನೇ ಹೇಳುತ್ತಿದ್ದ. ಎತ್ತರದಲ್ಲಿ ಕುಳಿತವರಿಗೆ ದೂರದ್ದು ಕಾಣುವುದು ಸಹಜ.

ಕೆಲವು ವರ್ಷಗಳ ಹಿಂದೆ ಲೋಕಸಭೆಯ ಚುನಾವಣೆ ಬಂದಾಗ ಅವನು ಊರಿಗೆ ಮರಳಿದ. ಕೆಂಪು ಬಾವುಟದ ಪಕ್ಷ ಆ ಸಲ ನ್ಯಾಮತಿ ಕಡೆಯ ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆಯನ್ನು ನಿಲ್ಲಿಸಿತ್ತು. ಟೀಚರಮ್ಮ ಎಂದೇ ಎಲ್ಲರೂ ಕರೆಯುವ ಆ ತಾಯಿ ಬಟ್ಟೆಯ ಕೈಚೀಲ ಹಿಡಿದು ಬಸ್ಸಿನಲ್ಲಿ ಓಡಾಡಿ ಮತ ಕೇಳುತ್ತಿದ್ದರು. ಅವರ ಬೆನ್ನ ಹಿಂದೆ ಇವನ ವಾಹನ. ಅದರ ತುಂಬ ಆಳೆತ್ತರದ ಧ್ವನಿಪೆಟ್ಟಿಗೆಗಳು.

ಬಂದ ದಿನವೇ ನನ್ನ ಮನೆಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದ.

"ದೇವರನ್ನ ನಂಬೋದಿಲ್ಲ ಗುರುಗಳೇ, ನಿಮ್ಮನ್ನ ನಂಬ್ತೀನಿ" ಎಂದ.

"ನಾನು ದೇವರನ್ನು ನಂಬಿದವನಪ್ಪ. ನಿನ್ನದು ಸ್ವಲ್ಪ ಸುತ್ತುದಾರಿಯಾಯಿತು, ಅಷ್ಟೇ" ಎಂದೆ.

ಚುನಾವಣೆಗೆಂದು ಕನ್ನಡದಲ್ಲಿ ಹಾಡು ಬರೆದಿದ್ದ. ತಿದ್ದಿಕೊಡಬೇಕೆಂದು ಕೇಳಿದ. ಸಾಲುಗಳು ಹೊನ್ನಾಳಿಯ ಸೇತುವೆಯಷ್ಟು ಉದ್ದವಿದ್ದವು. ಕ್ರಾಂತಿಗೂ ಛಂದಸ್ಸು ಬೇಕೇ ಎಂದು ಅವನು ಕೇಳಿದಾಗ, ಕ್ರಾಂತಿಗೆ ಬೇಡ, ಹಾಡುವವರಿಗೆ ಉಸಿರು ಬೇಕು ಎಂದು ಹೇಳಿ ಸಾಲುಗಳನ್ನು ಅರ್ಧಕ್ಕೆ ಇಳಿಸಿಕೊಟ್ಟೆ. ಆ ಬಳಿಕ ಅವನು ದಿನವೂ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತ ಪ್ರಚಾರದ ವರದಿ ಒಪ್ಪಿಸುತ್ತಿದ್ದ. ತನ್ನ ರಾಗದಿಂದ ಪ್ರಸಿದ್ಧವಾದ ಪಾನೀಯವನ್ನು ಅವನು ಎಂದೂ ಕುಡಿದವನಲ್ಲ. ಹಲ್ಲು ಹಾಳಾಗುತ್ತದೆ ಎನ್ನುತ್ತಿದ್ದ.

ಮೊದಲ ಸಭೆ ಚನ್ನಗಿರಿಯಲ್ಲಿಯೇ ನಡೆಯಿತು. ನಾನು ಗುಡಿಯಿಂದ ಮರಳುವಾಗ ದೂರದಲ್ಲಿ ನಿಂತು ಕೇಳಿದೆ. ಹತ್ತಿರ ನಿಲ್ಲುವುದು ನನ್ನ ವಯಸ್ಸಿನ ಎದೆಗೆ ಸಾಧ್ಯವಿರಲಿಲ್ಲ. ದುಡಿಯುವವರೆಲ್ಲ ಏಳಬೇಕೆಂದೂ ಧಣಿಗಳ ಕಾಲ ಮುಗಿಯಿತೆಂದೂ ಅವನು ಕಣ್ಣು ಮುಚ್ಚಿ ಹಾಡಿದ. ಜನ ಸಂತೋಷದಿಂದ ವನ್ಸ್ ಮೋರ್ ಎಂದರು. ಧಣಿಗಳ ಕಾಲ ಇನ್ನೊಮ್ಮೆ ಮುಗಿಯಿತು. ಮುಂದಿನ ಸಾಲಿನಲ್ಲಿ ಅವನ ಮನೆಯ ಮಂಡಿಯಲ್ಲಿಯೇ ಅಡಿಕೆ ಆರಿಸುವ ಹೆಂಗಸರು ಕುಳಿತಿದ್ದರು. ಅವರಲ್ಲಿ ಹಿರಿಯಳಾದ ಹಾಲಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಹಾಡು ಚೆಂದೈತ್ರಿ ಸಾವ್ಕಾರ್ರೇ. ಏಳ್ರಿ ಏಳ್ರಿ ಅಂದ್ರಿ, ಎದ್ದೀನಿ. ನಿಮ್ಮ ಮಂಡ್ಯಾಗೆ ನಮಗೊಂದು ಪಾಯಿಖಾನೆ ಇಲ್ಲ. ಕೆರೆ ಏರಿ ಹಿಂದ್ಲ ಬೇಲಿಗೆ ಹೋಗ್ಬೇಕು. ಅದಕ್ಕೇ ಮುಂಜಾನಿಂದ ನೀರು ಕುಡೀದಂಗೆ ಕುಂತಿರ್ತೀವಿ. ಅದೊಂದು ಮಾಡಿಸ್ರಿ, ಉಳಿದದ್ದು ಆಮ್ಯಾಕೆ ನೋಡಾನ."

ಅವನು ಕಣ್ಣು ತೆರೆದ. ಇಷ್ಟು ಕಾಲ ಆ ಅಂಗಳದಲ್ಲಿ ಓಡಾಡಿದ್ದರೂ ಈ ಸಂಗತಿ ತನಗೆ ಹೊಳೆದಿರಲಿಲ್ಲವೆಂದು ಆಮೇಲೆ ನನ್ನೊಡನೆ ಹೇಳಿದ. ಮೈಕನ್ನು ಬಾಯಿಗೆ ಒತ್ತಿಕೊಂಡು "ಕಟ್ಟಿಸ್ತೀನಿ, ಇದು ನನ್ನ ಮಾತು" ಎಂದ. ಧ್ವನಿಪೆಟ್ಟಿಗೆಗಳ ಶಕ್ತಿ ಎಂಥದಿತ್ತೆಂದರೆ, ಆ ಮಾತು ಎರಡು ಬೀದಿ ಆಚೆ ಗಾದಿಯ ಮೇಲೆ ಕುಳಿತಿದ್ದ ಅಣ್ಣನಿಗೂ ಕೇಳಿಸಿತು.

ಟೀಚರಮ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಈಗ ಕಟ್ಟಿಸಿದ್ರೆ ಓಟಿಗೆ ಆಮಿಷ ಅಂತ ನನ್ನ ಮ್ಯಾಲೆ ಕೇಸ್ ಹಾಕ್ತಾರ್ರಿ. ಓಟಾದ ಮ್ಯಾಲೆ ಕಟ್ಟಿಸ್ರಿ" ಎಂದರು. ಹಾಲಮ್ಮ ಕೆಳಗೆ ಕೂರುತ್ತ, "ಓಟಾದ ಮ್ಯಾಲೆ ಯಾರು ಸಿಗ್ತಾರವ್ವಾ" ಎಂದಳು. ಆ ಮಾತು ಮೈಕಿನಲ್ಲಿ ಬರಲಿಲ್ಲ. ಆದರೂ ಎಲ್ಲರೂ ಕೇಳಿದರು.

ಲೋಕದ ಬಂಡವಾಳಶಾಹಿಗಳನ್ನೆಲ್ಲ ನಡುಗಿಸಬಲ್ಲ ಆ ಕಂಠ ಅಣ್ಣನ ಎದುರಿಗೆ ಹೊರಡುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತಾಗ ಅಣ್ಣ ತಲೆಯೆತ್ತದೆ, ಕೂದಲು ಕಟ್ಟಿಕೊಂಡು ಕೂರು ಎಂದರೆ ಇವನು ಕಟ್ಟಿಕೊಂಡು ಕೂರುತ್ತಿದ್ದ. ಆ ರಾತ್ರಿಯ ಊಟದಲ್ಲಿ ಪಾಯಿಖಾನೆಯ ಪ್ರಸ್ತಾಪ ಅಣ್ಣನೂ ಮಾಡಲಿಲ್ಲ, ತಮ್ಮನೂ ಮಾಡಲಿಲ್ಲ. ಅನ್ನಕ್ಕೆ ತುಪ್ಪ ಬಡಿಸುವಾಗ ಅಣ್ಣ "ಗಂಟಲು ಒಣಗಿರಬೇಕು" ಎಂದಷ್ಟೇ ಹೇಳಿದರಂತೆ.

ಹೊನ್ನಾಳಿಯಲ್ಲಿ ನಡೆದದ್ದು ಇನ್ನೊಂದು ಬಗೆ. ಅವನ ಗಿಟಾರಿನ ನಾದವನ್ನು ಬೇಕೆಂದೇ ಒಡಕಾಗಿಸುವ ಸಣ್ಣ ಪೆಟ್ಟಿಗೆಯೊಂದು ಅವನ ಕಾಲಬಳಿ ಇರುತ್ತಿತ್ತು. ಹಾಡಿನ ಉತ್ಕಟ ಘಟ್ಟದಲ್ಲಿ ಅವನು ಅದನ್ನು ತುಳಿದನಂತೆ. ನಾದ ಕಿರುಚಿತು, ಗರಗರನೆ ಒಡೆಯಿತು, ಗೋಳಾಡಿತು. ದೊಡ್ಡ ನಗರಗಳಲ್ಲಿ ಜನ ಮೈಮರೆಯುತ್ತಿದ್ದ ಘಟ್ಟ ಅದು. ಹೊನ್ನಾಳಿಯ ಸಭೆಯಲ್ಲಿದ್ದ ಮೋಟಾರು ರಿಪೇರಿಯ ಒಬ್ಬ ಸಜ್ಜನರು ಪಾಪವೆನಿಸಿ, ಸ್ಕ್ರೂಡ್ರೈವರ್ ಹಿಡಿದು ವೇದಿಕೆ ಹತ್ತಿದರು. "ಸ್ವಲ್ಪ ನಿಲ್ಲಿಸ್ರಿ ಸಾವ್ಕಾರ್ರೇ, ಎಲ್ಲೋ ಲೂಸ್ ಆಗೈತೆ, ಒಂದು ನಿಮಿಷದಾಗೆ ಮಾಡಿಕೊಡ್ತೀನಿ" ಎಂದು ಪೆಟ್ಟಿಗೆಯನ್ನು ಬಿಚ್ಚಿಯೇಬಿಟ್ಟರು. ಅವರು ಮತ್ತೆ ಜೋಡಿಸಿದ ಮೇಲೆ ಗಿಟಾರು ಸಾತ್ವಿಕವಾದ ವೀಣೆಯಂತೆ ನುಡಿಯಿತಂತೆ. ಜನ ಚಪ್ಪಾಳೆ ತಟ್ಟಿದ್ದು ಅವರಿಗೆ. ಉಳಿದ ಹಾಡುಗಳನ್ನು ಅವನು ಹಾಗೆಯೇ ಮುಗಿಸಿದ. ನನ್ನ ಕಿವಿಗೆ ಆ ಸಭೆ ತಪ್ಪಿಹೋದುದಕ್ಕೆ ಇಂದಿಗೂ ವಿಷಾದವಿದೆ.

ನ್ಯಾಮತಿಯಲ್ಲಿ ಜನ ಅವನ ಹಾಡಿಗಿಂತ ಅವನ ಮನೆತನವನ್ನು ಹೆಚ್ಚು ಗೌರವಿಸಿದರು. ಆಸ್ತಿಯೆಲ್ಲ ಸಮಾನವಾಗಿ ಹಂಚಬೇಕೆಂಬ ಹಾಡು ಮುಗಿದ ಕೂಡಲೇ ಒಬ್ಬರು ಎದ್ದು, ಇವತ್ತು ರಾಶಿ ಅಡಿಕೆಗೆ ಧಾರಣೆ ಹೇಗಿದೆ ಎಂದು ಕೇಳಿದರಂತೆ. ಅವನಿಗೆ ಗೊತ್ತಿರಲಿಲ್ಲ. ಮಂಡಿ ಮನೆಯವರಿಗೆ ಧಾರಣೆ ಗೊತ್ತಿಲ್ಲದಿರುವುದು ಉಂಟೇ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. ಟೀಚರಮ್ಮನೇ ಮುಂದೆ ಬಂದು, ಅಣ್ಣನಿಗೆ ಫೋನು ಮಾಡಿ ಕೇಳಿ ಹೇಳಿಬಿಡಿ ಎಂದರು. ಅವನು ವೇದಿಕೆಯ ಮೇಲಿಂದಲೇ ಕೇಳಿದ, ಅಣ್ಣ ಹೇಳಿದರು, ಅವನು ಘೋಷಿಸಿದ. ಮರುದಿನದಿಂದ ಅಡಿಕೆ ಸೀಮೆಯ ಪ್ರತಿ ಸಭೆಯಲ್ಲೂ ಧಾರಣೆಯೇ ಮೊದಲ ಕಾರ್ಯಕ್ರಮವಾಯಿತು, ಕ್ರಾಂತಿ ಎರಡನೆಯದು. ಜನ ಹೆಚ್ಚಾದರು. ಧಾರಣೆ ಕೇಳಿ ಎದ್ದು ಹೋಗುವವರೂ ಹೆಚ್ಚಾದರು.

ಸಾವ್ಕಾರ ಎಂಬ ಮಾತು ಅವನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಪಕ್ಷದಲ್ಲಿ ಒಬ್ಬರನ್ನೊಬ್ಬರು ಕಾಮ್ರೇಡ್ ಎಂದು ಕರೆಯುತ್ತಾರೆ. ತನ್ನನ್ನೂ ಹಾಗೆ ಕರೆಯಬೇಕೆಂದು ಟೀಚರಮ್ಮನನ್ನು ಬೇಡಿಕೊಂಡನಂತೆ. ಅವರು ಧಾರಾಳವಾಗಿ ಒಪ್ಪಿ, "ಆಗ್ಲಿ ಬಿಡ್ರಿ, ಕಾಮ್ರೇಡ್ ಸಾವ್ಕಾರ್ರೇ" ಎಂದರು.

ಜಗಳೂರಿನ ಕಡೆ ಹೋದಾಗ ಅವನಿಗೆ ಮೊದಲ ಸಲ ಸುಖವೆನಿಸಿತು. ಅಡಿಕೆಯಿಲ್ಲದ ಸೀಮೆ, ಅವನ ಮನೆತನವನ್ನು ಬಲ್ಲವರಿಲ್ಲ. ವಾಹನವನ್ನು ಊರಾಚೆ ಬಿಟ್ಟು, ಬಿಸಿಲಲ್ಲಿ ನಡೆದು, ಯಾರದೋ ಮನೆಯ ಜಗುಲಿಯ ಮೇಲೆ ಜೋಳದ ರೊಟ್ಟಿ ತಿಂದ. ಯಾವ ನಾಟಕದ ಕಂಪನಿಯವರು ಎಂದು ಒಬ್ಬ ಅಜ್ಜ ವಿಚಾರಿಸಿದರೆಂದು ಹೇಳುವಾಗ ಅವನ ಮುಖ ಅರಳಿತ್ತು. ತಾನೂ ಎಲ್ಲರಂತೆ ಒಬ್ಬನಾದೆನೆಂಬ ಆ ಆನಂದದಲ್ಲಿ ಬಸ್ ನಿಲ್ದಾಣದ ಬಳಿ ನಿಂತಿದ್ದಾಗ, ದಾವಣಗೆರೆ ಮೇಲಿಂದ ಒಂದು ಬಸ್ಸು ಬಂದಿತು. ಅದರ ಕಂಡಕ್ಟರು ನಮ್ಮೂರಿನವನು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ನಿಲ್ದಾಣಕ್ಕೆ ಕೇಳುವಂತೆ, "ಪಾಯಿಖಾನೆ ಶುರುವಾತೇನ್ರಿ ಸಾವ್ಕಾರ್ರೇ?" ಎಂದ.

ಆ ಸಂಜೆ ಕಟ್ಟೆಯ ಮೇಲೆ ಅವನು ಮಜ್ಜಿಗೆ ಮುಟ್ಟಲಿಲ್ಲ. ಓಟಿನಲ್ಲಿ ಸೋತರೆ ಸೋಲಲಿ, ಹಾಲಮ್ಮನ ಮುಂದೆ ಸುಳ್ಳಾಗಬಾರದು ಎಂದು ಮಾತ್ರ ಹೇಳಿದ. ಅವನ ಬಾಯಿಂದ ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ಚಿಕ್ಕದೂ ಛಂದೋಬದ್ಧವೂ ಆದದ್ದು ಅದೇ.

ಟೀಚರಮ್ಮ ಸೋತರು. ಅವರ ಪಕ್ಷಕ್ಕೆ ಸೋಲಿನ ಅಭ್ಯಾಸ ಚೆನ್ನಾಗಿತ್ತು. ಮರುದಿನವೇ ಅವರು ಕೈಚೀಲ ಹಿಡಿದು ಯಾವುದೋ ಅಂಗನವಾಡಿಯ ಸೋರುವ ಚಾವಣಿಯ ವಿಷಯಕ್ಕೆ ತಾಲ್ಲೂಕು ಕಚೇರಿಗೆ ಹೋದರು. ಧ್ವನಿಪೆಟ್ಟಿಗೆಗಳು ವಾಹನ ಏರಿ ಮುಂಬಯಿಯ ದಾರಿ ಹಿಡಿದವು. ಮಂಡಿಯ ಹೆಂಗಸರು ಅಡಿಕೆ ರಾಶಿಯ ಮುಂದಿನಿಂದ ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದರಂತೆ. ಆದರೆ ವಾಹನದಲ್ಲಿ ಅವನಿರಲಿಲ್ಲ. ಅವನು ಅಣ್ಣನನ್ನು ಕರೆದುಕೊಂಡು, ನಿಜವಾಗಿ ನೋಡಿದರೆ ಅಣ್ಣನೇ ಅವನನ್ನು ಕರೆದುಕೊಂಡು, ನನ್ನ ಮನೆಗೆ ಬಂದಿದ್ದ.

ದೊಡ್ಡ ಸಾವ್ಕಾರ್ರು ಧರ್ಮಭೀರುಗಳು. ತಕ್ಕಡಿ ಬದಲಾಯಿಸುವುದಕ್ಕೂ ನನ್ನಲ್ಲಿ ಮುಹೂರ್ತ ಕೇಳುವವರು. ಚಾಪೆಯ ಮೇಲೆ ಕುಳಿತು ನಿಧಾನವಾಗಿ ವಿಷಯ ಮಂಡಿಸಿದರು.

"ನಾನು ಬ್ಯಾಡ ಅನ್ನಲ್ರಿ. ಹೆಣ್ಣುಮಕ್ಕಳ ಕಷ್ಟ ನಂಗೂ ತಿಳಿತೈತೆ. ಅಂಗಳದಾಗೆ ಖಾಲಿ ಇರೋದು ಈಶಾನ್ಯ ಮೂಲೆ ಒಂದೇ. ಅಲ್ಲಿ ಪಾಯಿಖಾನೆ ಬರಾಕಿಲ್ಲ ಅಂತ ಮಂಡಿ ಕಟ್ಟೋವಾಗ ನೀವೇ ಅಂದಿದ್ರಿ. ಶಾಸ್ತ್ರ ಮೀರಿ ನಾನು ಹೆಂಗೆ ಮಾಡಾಕಾಗ್ತೈತೆ?"

ತಮ್ಮ ನನ್ನ ಕಡೆ ತಿರುಗಿದ. "ಗುರುಗಳೇ, ಇದೆಲ್ಲ ಮೂಢನಂಬಿಕೆ ಅಂತ ಒಂದು ಮಾತು ಹೇಳಿಬಿಡಿ. ನೀವು ಹೇಳಿದ್ರೆ ಅಣ್ಣ ಕೇಳ್ತಾರೆ."

"ಹೇಳಲಾರೆನಪ್ಪ. ಈಶಾನ್ಯ ಈಶ್ವರನ ದಿಕ್ಕು. ಅಲ್ಲಿ ಆಗದು" ಎಂದೆ. ಅವನ ಮುಖ ಬಾಡಿತು. ನಾನು ನಶ್ಯದ ಡಬ್ಬಿಯನ್ನು ಮುಚ್ಚಿ ಮುಂದುವರಿಸಿದೆ. "ಆದರೆ ಶೌಚಗೃಹವೇ ಆಗದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅದಕ್ಕೆ ವಾಯವ್ಯವಿದೆ. ಪ್ರಶಸ್ತವಾದ ಸ್ಥಳ. ನಾಳೆಯೇ ಆರಂಭಿಸಬಹುದು."

ಅವನು ಹಾರಿ ಎದ್ದ. ಮುಂಬಯಿಯ ಕನ್ನಡ ಕಳಚಿ ಬಿದ್ದಿತು. "ನೋಡ್ದೇನಣ್ಣ! ಶಾಸ್ತ್ರನೂ ದುಡಿಯೋರ ಪರವಾಗೇ ಐತೆ."

ದೊಡ್ಡ ಸಾವ್ಕಾರ್ರು ನಕ್ಕದ್ದನ್ನು ನಾನು ಹೆಚ್ಚಾಗಿ ಕಂಡವನಲ್ಲ. ಹೆಗಲ ಶಲ್ಯವನ್ನು ನೆರಿಗೆ ಹಿಡಿದು ಮಡಿಸುತ್ತ, "ವಾಯವ್ಯದಾಗೆ ಏನೈತೆ ಅಂತ ನೆನಪೈತೇನಪ್ಪ ನಿಂಗೆ?" ಎಂದರು.

ವಾಯವ್ಯದಲ್ಲಿದ್ದುದು ಅವನ ಸಂಗೀತದ ಕೋಣೆ. ಊರಿಗೆ ಬಂದಾಗ ಹಾಡು ಕಟ್ಟಲೆಂದು ಅವನೇ ಬಹಳ ಪ್ರೀತಿಯಿಂದ ಕಟ್ಟಿಸಿಕೊಂಡದ್ದು. ಜೋಡಿ ಗೋಡೆ, ಗೋಡೆಗೆಲ್ಲ ಸ್ಪಂಜಿನ ಹೊದಿಕೆ, ತಂಪುಗಾಳಿಯ ಯಂತ್ರ, ಲೋಹದ ತಿಜೋರಿಯ ಬಾಗಿಲಿನಷ್ಟು ದಪ್ಪದ ಬಾಗಿಲು. ಒಳಗಿನ ಸದ್ದು ಹೊರಗೆ ಹೋಗದು, ಮಂಡಿಯ ಗದ್ದಲ ಒಳಗೆ ಬಾರದು. ಶ್ರಮಿಕರ ಕೂಗನ್ನು ಕುರಿತ ಅವನ ಅನೇಕ ಹಾಡುಗಳು, ಶ್ರಮಿಕರ ಕೂಗು ಕೇಳಿಸದ ಆ ಕೋಣೆಯಲ್ಲಿಯೇ ಹುಟ್ಟಿದ್ದವು. ಅಲ್ಲಿ ಗಿಟಾರುಗಳನ್ನು ಪೀಠಗಳ ಮೇಲೆ ಸಾಲಾಗಿ ನಿಲ್ಲಿಸಿರುತ್ತಿದ್ದ. ಹಿಂದೆ ಒಮ್ಮೆ ನಾನು ಒಳಗೆ ಹೋಗುವಾಗ ಅಭ್ಯಾಸಬಲದಿಂದ ಪಾದರಕ್ಷೆಯನ್ನು ಹೊರಗೆ ಬಿಟ್ಟೆ. ಬಿಟ್ಟ ಮೇಲೆ ನೋಡಿದರೆ ಅವನೂ ಬಿಟ್ಟಿದ್ದ. ದೇವರನ್ನು ಒಪ್ಪದವನಿಗೂ ಒಂದು ಗರ್ಭಗುಡಿ ಇರುತ್ತದೆಂಬುದು ನನಗೆ ಅಂದು ತಿಳಿದಿತ್ತು. ಆದುದರಿಂದ ನಾನು ನಗಲಿಲ್ಲ.

ಬೇರೆ ದಿಕ್ಕಿಲ್ಲವೇ ಎಂದು ಕ್ಷೀಣವಾಗಿ ಕೇಳಿದ. ನೈಋತ್ಯದಲ್ಲಿ ಅಣ್ಣನ ಗಾದಿ, ಆಗ್ನೇಯದಲ್ಲಿ ಚಹಾದ ಒಲೆ ಎಂದು ಅಣ್ಣನೇ ನೆನಪಿಸಿದರು. ತಮ್ಮ ಮತ್ತೆ ನನ್ನ ಕಡೆ ತಿರುಗಿ, "ಈಶಾನ್ಯಕ್ಕೇ ಏನಾದ್ರೂ ಪರಿಹಾರ... ಶಾಂತಿ, ಹೋಮ, ಅಂಥದ್ದು?" ಎಂದ.

ನಮ್ಮ ಮನೆಯ ಕಟ್ಟೆಯ ಮೇಲೆ ದೇವರ ಅಸ್ತಿತ್ವವನ್ನು ಅಷ್ಟು ಸಂಜೆ ಖಂಡಿಸಿದವನ ಬಾಯಲ್ಲಿ ಹೋಮದ ಮಾತು. ಇಲ್ಲವೆಂದು ತಲೆಯಾಡಿಸಿದೆ.

ಅಣ್ಣನಿಗೂ ಕರುಳು ಚುರುಕ್ಕೆಂದಿರಬೇಕು. "ನೀನು ಮುಂಬಯಿಗೆ ಹೋಗಪ್ಪ. ಶಾಸ್ತ್ರಿಗಳು ಬ್ಯಾಡ ಅಂದ್ರು ಅಂತ ಹೆಣ್ಣುಮಕ್ಕಳಿಗೆ ನಾನು ಹೇಳ್ತೀನಿ. ಯಾರೂ ನಿನ್ನ ಬೈಯಾಕಿಲ್ಲ" ಎಂದರು. ಬಯ್ಗುಳ ನನ್ನ ಪಾಲಿಗೆ ಬರುವುದಿತ್ತು. ಆದರೂ ಆ ಹೊತ್ತಿನಲ್ಲಿ ನಾನು ಬಾಯಿ ಹಾಕಲಿಲ್ಲ. ಅವನು ಎದ್ದುಹೋದ.

ಮರುದಿನ ಬೆಳಿಗ್ಗೆ ನಾನು ಮಂಡಿಯ ಕಡೆ ಹೋದಾಗ ಅವನು ಒಂದೊಂದೇ ಗಿಟಾರನ್ನು ಮಗುವಿನಂತೆ ಎತ್ತಿ ತಂದು ಅಡಿಕೆ ಚೀಲಗಳಿಗೆ ಒರಗಿಸುತ್ತಿದ್ದ. ಕೂದಲನ್ನು, ಯಾರೂ ಹೇಳದೆಯೇ, ಮೇಲಕ್ಕೆ ಕಟ್ಟಿದ್ದ. ಹಾಲಮ್ಮ ಗೋಣಿತಾಟು ತಂದು ಸುತ್ತಿಕೊಡುತ್ತಿದ್ದಳು.

"ಇವನ್ನೆಲ್ಲ ನೀವೊಬ್ಬರೇ ಬಾರಿಸ್ತೀರೇನ್ರಿ?" ಎಂದು ಕೇಳಿದಳು.

"ಒಂದ್ಸಲಕ್ಕೆ ಒಂದು."

"ಹಂಗಾದ್ರೆ ಒಂದೇ ಸಾಕಾಗಿತ್ತಲ್ರಿ."

ಸಮಾನ ಹಂಚಿಕೆಯ ಹಾಡು ಬರೆದವನು ಗೋಣಿಯ ತುದಿ ಹಿಡಿದುಕೊಟ್ಟ.

ಕೋಣೆಯನ್ನು ಕೆಡವಲಿಲ್ಲ. ಹಿಂಭಾಗದಲ್ಲಿ ಶೌಚಗೃಹ, ಮುಂದೆ ಕೈಕಾಲು ತೊಳೆದು ಕೂರಲು ಒಂದಿಷ್ಟು ಜಾಗ ಮಾಡಿದರು. ಸ್ಪಂಜನ್ನು ಕಿತ್ತರೆ ಗಾರೆಯೂ ಬರುತ್ತದೆಂದು ಗೌಂಡಿ ಹೇಳಿದ್ದರಿಂದ ಮೇಲ್ಗೋಡೆಯದನ್ನು ಹಾಗೆಯೇ ಬಿಟ್ಟರು. ದಪ್ಪ ಬಾಗಿಲೂ ಉಳಿಯಿತು. ತಂಪುಗಾಳಿಯ ಯಂತ್ರವನ್ನು ಅಣ್ಣ ಗಾದಿಯ ಬಳಿಗೆ ಒಯ್ಯಬೇಕೆಂದಿದ್ದರು. ತಮ್ಮ ಬಿಡಲಿಲ್ಲ. ಅಣ್ಣನಿಗೆ ಅವನು ಎದುರಾಡಿದ್ದು ಅದೊಂದೇ ಸಲವೆಂದು ಮಂಡಿಯವರು ಹೇಳುತ್ತಾರೆ.

ಆರಂಭದ ದಿನ ಪೂಜೆಯಾಗಬೇಕೆಂದು ಅಣ್ಣ, ಕೂಡದೆಂದು ತಮ್ಮ. ಕೊನೆಗೆ ನಾನು ನೀರನ್ನು ಕುರಿತು ಒಂದು ಚಿಕ್ಕ ಪ್ರಾರ್ಥನೆ ಹೇಳುವುದೆಂದು ಒಪ್ಪಂದವಾಯಿತು. ಹೇಳಿದೆ. ಅವನೂ ಕೈ ಮುಗಿದ. ನೀರು ಎಲ್ಲ ಪಂಥದವರಿಗೂ ಬೇಕು. ಬಸ್ಸಿನಿಂದ ಇಳಿದು ಬಂದ ಟೀಚರಮ್ಮ ಟೇಪು ಕತ್ತರಿಸಲು ಒಪ್ಪದೆ, ಬಳಸುವವರೇ ಬಾಗಿಲು ತೆಗೆಯಲಿ ಎಂದರು. ಹಾಲಮ್ಮ ಒಳಗೆ ಹೋದಳು. ದಪ್ಪ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.

ನಾವು ಕಾದೆವು. ಇಂಥ ಕಾರ್ಯಕ್ಕೆ ಎಷ್ಟು ಹೊತ್ತು ಕಾಯಬೇಕೆಂದು ಯಾರಿಗೂ ತಿಳಿಯದು. ಗಂಡಸರು ಬೇರೆ ಕಡೆ ನೋಡತೊಡಗಿದರು. ಬಹಳ ಹೊತ್ತಾಯಿತು. ಹೆಂಗಸರು ಹೆಸರು ಹಿಡಿದು ಕೂಗಿದರು. ಬಾಗಿಲು ಬಡಿದರು. ಉತ್ತರವಿಲ್ಲ. ದೊಡ್ಡ ಸಾವ್ಕಾರ್ರು ದಿಕ್ಕೇನಾದರೂ ತಪ್ಪಿತೇ ಎನ್ನುವಂತೆ ನನ್ನನ್ನು ನೋಡಿದರು. ಒಳಗಿರುವವರಿಗೆ ಹೊರಗಿನದು ಏನೂ ಕೇಳಿಸದೆಂಬುದು ಸಣ್ಣವನಿಗೆ ಆಗ ನೆನಪಾಗಿ, ಬಾಗಿಲು ಒಡೆಯಲು ಹಾರೆ ತನ್ನಿರೆಂದು ಕೂಗಿದ. ಹಾರೆ ಅವನ ಕೈಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಹಾಲಮ್ಮ ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ಸಾವಕಾಶವಾಗಿ ಹೊರಗೆ ಬಂದಳು.

"ಏನಾತವ್ವ, ಇಷ್ಟೊತ್ತು?" ಎಂದರು ಟೀಚರಮ್ಮ.

"ಏನಿಲ್ರಿ. ಹೋದ ಕೆಲಸ ಆಗ್ಲೇ ಮುಗಿದಿತ್ತು" ಎಂದಳು. ಆಮೇಲೆ ಅವನ ಕಡೆ ತಿರುಗಿದಳು. "ಬೇಲಿ ಹಿಂದೆ ಯಾರು ಬಂದ್ರೋ, ಏನು ಸಪ್ಪಳಾತೋ ಅಂತ ಜಲ್ಮೆಲ್ಲ ಕಿವಿ ಕೊಟ್ಕಂಡೇ ಕುಂತೋಳು ನಾನು. ಇಲ್ಲಿ ಏನೂ ಕೇಳ್ಸಲ್ಲ. ಅದಕ್ಕೇ ಸ್ವಲ್ಪ ಹೊತ್ತು ಸುಮ್ನೆ ಕುಂತಿದ್ದೆ."

ಅವನು ಬಾಗಿಲಿಗೆ ಅಡ್ಡವಾಗಿ, ಕೈಯಲ್ಲಿ ಹಾರೆ ಹಿಡಿದು ಹಾಗೆಯೇ ನಿಂತಿದ್ದ. ಹಿಂದಿನಿಂದ ಇನ್ನೊಬ್ಬಾಕೆ ಮೊಣಕೈಯಿಂದ ಅವನನ್ನು ಪಕ್ಕಕ್ಕೆ ತಳ್ಳಿ, "ಸರೀರಿ ಅತ್ಲಾಗೆ, ನಾನು ಹೋಗ್ಬೇಕು" ಎಂದಳು. ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.